ಹಿರಿಯರ ಪರವಾಗಿ ಊರಿನ ಸಂಘವೂ ಅರ್ಜಿ ಹಾಕಬಹುದು

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಕಬ್ಬಿನ ಊರುಗಳಲ್ಲಿ ಮಕ್ಕಳು ಪುಣೆ, ಕೊಲ್ಹಾಪುರ, ಬೆಂಗಳೂರು ಸೇರಿ, ಮನೆಯಲ್ಲಿ ವಯಸ್ಸಾದವರಷ್ಟೇ ಉಳಿಯುವುದು ಹೊಸದಲ್ಲ. ಹೀಗಾದಾಗ ವೃದ್ಧಾಶ್ರಮದ ಮಾತು ಬೇಗ ಬರುತ್ತದೆ. ಹಿರಿಯರಿಗೆ ಬೇಕಾದದ್ದು ಮಾತ್ರ ತಮ್ಮದೇ ಮನೆ, ಹೊತ್ತಿಗೆ ಊಟ, ಔಷಧಿಗೆ ನಾಲ್ಕು ಕಾಸು.

ಅದನ್ನು ಕೊಡಿಸಲೆಂದೇ 2007ರಲ್ಲಿ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ಬಂದಿತು. ತಮ್ಮ ಗಳಿಕೆ, ಆಸ್ತಿಯಿಂದ ಬದುಕು ಸಾಗದ ತಂದೆ-ತಾಯಿ ವಯಸ್ಕ ಮಗ, ಮಗಳು, ಮೊಮ್ಮಕ್ಕಳಿಂದ ಜೀವನಾಂಶ ಕೇಳಬಹುದು. ತಂದೆ-ತಾಯಿಗೆ 60 ತುಂಬಿರಲೇಬೇಕೆಂದಿಲ್ಲ. ಮಕ್ಕಳಿಲ್ಲದ ಹಿರಿಯರು ತಮ್ಮ ಆಸ್ತಿ ಅನುಭವಿಸುತ್ತಿರುವ ಅಥವಾ ಮುಂದೆ ಪಡೆಯಲಿರುವ ವಾರಸುದಾರರನ್ನು ಕೇಳಬಹುದು.

ಅರ್ಜಿ ಹೋಗಬೇಕಾದದ್ದು ಉಪವಿಭಾಗಾಧಿಕಾರಿ, ಅಂದರೆ ಎಸಿ ಸಾಹೇಬರ ನ್ಯಾಯಮಂಡಳಿಗೆ. ಮಗ ಪುಣೆಯಲ್ಲಿದ್ದರೂ ತಾಯಿ ತಾನಿರುವ ಕಡೆಯೇ ಅರ್ಜಿ ಕೊಡಬಹುದು. ವಕೀಲರನ್ನು ಇಡಲೇಬೇಕೆಂದಿಲ್ಲ. ನೋಟಿಸು ಜಾರಿಯಾದ 90 ದಿನಗಳಲ್ಲಿ ತೀರ್ಮಾನವಾಗಬೇಕು, ತೀರಾ ಅಗತ್ಯವಿದ್ದರೆ ಇನ್ನು 30 ದಿನ. ನಡುವೆ ಮಧ್ಯಂತರ ಜೀವನಾಂಶವನ್ನೂ ಕೊಡಿಸಬಹುದು. ಜೀವನಾಂಶ ತಿಂಗಳಿಗೆ ಗರಿಷ್ಠ 10,000 ರೂಪಾಯಿ. ಇಂದಿನ ಆಸ್ಪತ್ರೆ ಖರ್ಚಿನ ಮುಂದೆ ಇದು ಸಣ್ಣ ಮೊತ್ತವೇ.

ಹಾಸಿಗೆ ಹಿಡಿದ ಅಜ್ಜಿ ಕಚೇರಿಗೆ ಅಲೆಯುವುದು ಹೇಗೆ? ಕಾಯ್ದೆ ಓಣಿಯ ಜನರನ್ನು ನೆನೆದದ್ದು ಇಲ್ಲಿಯೇ. ಸ್ವತಃ ಬರಲಾಗದ ಹಿರಿಯರು ಒಪ್ಪಿಗೆ ಕೊಟ್ಟರೆ ನೆರೆಯವರು ಅಥವಾ ನೋಂದಾಯಿತ ಸ್ವಯಂಸೇವಾ ಸಂಘ ಅವರ ಪರವಾಗಿ ಅರ್ಜಿ ಹಾಕಬಹುದು. ನ್ಯಾಯಮಂಡಳಿ ತಾನೇ ಪ್ರಕರಣ ಕೈಗೆತ್ತಿಕೊಳ್ಳಲೂ ಅವಕಾಶವಿದೆ. ಊರಿನ ಯುವಕ ಸಂಘ ನೋಂದಣಿಯಾಗಿದ್ದರೆ ಗಣೇಶೋತ್ಸವದ ಜತೆಗೆ ಈ ಕೆಲಸವನ್ನೂ ಮಾಡಲಿ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಹೊಲ-ಮನೆ ಬರೆದುಕೊಡುವಾಗ. "ನಮ್ಮ ಹುಡುಗ ನೋಡಿಕೊಳ್ತಾನ" ಎಂಬ ನಂಬಿಕೆಯಲ್ಲಿ ಬಕ್ಷೀಸ ಪತ್ರವಾಗುತ್ತದೆ, ಉತಾರದಲ್ಲಿ ಹೆಸರೂ ಬದಲಾಗುತ್ತದೆ. ಊಟ-ಆರೈಕೆ ಮಾಡಬೇಕೆಂಬ ಷರತ್ತಿನ ಮೇಲೆ ಕೊಟ್ಟು, ಪಡೆದವರು ತಪ್ಪಿದರೆ 23ನೇ ಕಲಮಿನಡಿ ನ್ಯಾಯಮಂಡಳಿ ಆ ಪತ್ರವನ್ನು ರದ್ದು ಮಾಡಬಹುದು. ಷರತ್ತು ಇತ್ತೆಂದು ತೋರಿಸಬೇಕೆಂದು ಸುಪ್ರೀಂ ಕೋರ್ಟು 2022ರ ಸುದೇಶ್ ಛಿಕಾರಾ ಪ್ರಕರಣದಲ್ಲಿ ಹೇಳಿತು. 2025ರ ಜನವರಿಯ ಊರ್ಮಿಳಾ ದೀಕ್ಷಿತ್ ತೀರ್ಪು ಕಾಯ್ದೆಯನ್ನು ಹಿರಿಯರ ಪರ ಉದಾರವಾಗಿ ಓದಿ, ತಾಯಿಗೆ ಆಸ್ತಿ ಮರಳಿಸಿತು. ಆದರೂ ತೀರ್ಪಿನ ಉದಾರತೆ ನಂಬಿ ಕೂರಬೇಡಿ. ನೋಂದಣಿಗೆ ಮುಂಚೆಯೇ ಷರತ್ತನ್ನು ಪತ್ರದಲ್ಲಿ ಬರೆಸಿ. ವಾಸದ ಹಕ್ಕನ್ನೂ ಸೇರಿಸಿ. ಒಂದು ಮಾತು: ಈ ಕಾಯ್ದೆಯನ್ನು ಸೊಸೆಯನ್ನು ಹೊರಹಾಕುವ ಅಸ್ತ್ರ ಮಾಡಿಕೊಳ್ಳಲಾಗದು. ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಅವಳ ವಾಸದ ಹಕ್ಕನ್ನೂ ನೋಡಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ಆ ಪ್ರಕರಣ ಹೋದದ್ದು ಬೆಂಗಳೂರಿನಿಂದಲೇ.

ಆದೇಶವಾದ ಮೇಲೂ ಮಗ ಹಣ ಕೊಡದಿದ್ದರೆ ಬಾಕಿಯಾದ 3 ತಿಂಗಳೊಳಗೆ ಮತ್ತೆ ಅರ್ಜಿ ಕೊಡಿ. ವಸೂಲಿ ವಾರಂಟು, ಒಂದು ತಿಂಗಳವರೆಗೆ ಸೆರೆವಾಸ ಸಾಧ್ಯ. ಆದೇಶ ಒಪ್ಪಿಗೆಯಾಗದ ಹಿರಿಯರಿಗೆ ಮೇಲ್ಮನವಿಗೆ 60 ದಿನ. ತುರ್ತು ಸಲಹೆಗೆ ಹಿರಿಯರ ಸಹಾಯವಾಣಿ 14567, ಕಾನೂನು ನೆರವಿಗೆ 15100. ಇದಲ್ಲದೆ ಸರ್ಕಾರದ ಸಂಧ್ಯಾ ಸುರಕ್ಷಾ ಪಿಂಚಣಿಗೆ 65 ತುಂಬಿದ ಬಡ ಹಿರಿಯರು ನಾಡಕಚೇರಿಗೆ ಹೋಗಬೇಕು; ನಡೆಯಲಾಗದವರ ಆಧಾರ್, ಪಾಸ್‌ಬುಕ್ ಹಿಡಿದು ಓಣಿಯವರೊಬ್ಬರು ಮೊದಲು ಗ್ರಾಮ ಪಂಚಾಯ್ತಿಯಲ್ಲಿ ವಿಚಾರಿಸಿದರೆ ಅರ್ಧ ಕೆಲಸವಾದಂತೆ.