ಮನೆಯ ದೋಣಿ ಹಾಗೂ ಹರನಾಳಿಗೆಗಳ ಹಸನು

ಸದಲಗಾ ಪಟ್ಟಣವು ಚಿಕ್ಕೋಡಿ ತಾಲೂಕಿನಲ್ಲಿ ದೂಧಗಂಗಾ ನದಿಯ ದಂಡೆಗೆ ಹೊಂದಿಕೊಂಡಿರುವದು. ನದಿಯ ಮಗ್ಗಲಿಗೆ ಹಬ್ಬಿದ ನೆಲವು ಬಹುಮಟ್ಟಿಗೆ ಎರೆಭೂಮಿ. ಬಿದ್ದ ಮಳೆಯು ಯಾವ ಬದುವನ್ನು ಒಡೆಯುವದು, ಯಾವ ಬಸಿಗಾಲುವೆಯಲ್ಲಿ ಹೂಳು ನಿಲ್ಲುವದು ಎಂಬದನ್ನು ಇಲ್ಲಿಯ ಒಕ್ಕಲಿಗನಿಗೆ ಮತ್ತೊಬ್ಬರು ಹೇಳಿಕೊಡಬೇಕಾಗಿಲ್ಲ. ಆದರೆ ಹೊಲದ ಬದುವಿನ ಮೇಲೆ ಇಡುವ ಲಕ್ಷ್ಯವನ್ನು ಅವನು ತನ್ನ ಮನೆಯ ಸೂರಿನ ಮೇಲೆ ಇಡುವದು ಅಪರೂಪ. ಸೂರಂಚಿಗೆ ಕಟ್ಟಿದ ತಗಡಿನ ದೋಣಿಯು ತುಂಬಿ ತುಳುಕಿ, ಗೋಡೆಯು ಒದ್ದೆಯಾದ ಮೇಲೆಯೇ ನಿಚ್ಚಣಿಕೆಯ ಶೋಧವು ನಡೆಯುವದು.

ಚಾವಣಿಯ ನೀರು ಅಲ್ಪವೆಂದು ತಿಳಿಯಲಾಗದು. 30 ಅಡಿ ಉದ್ದ, 20 ಅಡಿ ಅಗಲದ ಚಾವಣಿಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ 50 ಘನ ಅಡಿ, ಅಂದರೆ ಸುಮಾರು 1,400 ಲೀಟರು ನೀರು ಕೆಳಗಿಳಿಯುವದು. 15 ಲೀಟರಿನ ಕೊಡದಿಂದ ಅಳೆದರೆ 90 ಕೊಡಗಳಿಗೂ ಹೆಚ್ಚು. ಇಷ್ಟು ನೀರನ್ನು ಯಾವನಾದರೂ ಹೊತ್ತು ತಂದು ಗೋಡೆಯ ಬುಡಕ್ಕೆ ಸುರಿದರೆ ಮನೆಯವರು ಅವನನ್ನು ಸುಮ್ಮನೆ ಬಿಡಲಾರರು. ಹೂಳು ತುಂಬಿದ ದೋಣಿಯು ಅದೇ ಕೆಲಸವನ್ನು ವರುಷ ವರುಷವೂ ಮಾಡುತ್ತಿದ್ದರೂ ಯಾರೂ ಕೇಳುವದಿಲ್ಲ.

ಹಾನಿಯು ಮೊದಲು ತಟ್ಟುವದು ಬೀಜಕ್ಕೆ. ರೋಹಿಣಿ, ಮೃಗಶಿರಾ ಮಳೆಗಳು ಬರುವ ಹೊತ್ತಿಗೆ, ಅಂದರೆ ಮೇ ತಿಂಗಳ ಕೊನೆಯಲ್ಲಿಯೂ ಜೂನ್ ತಿಂಗಳಲ್ಲಿಯೂ, ಬಿತ್ತಬೇಕಾದ ಬೀಜವು ಇನ್ನೂ ಮನೆಯೊಳಗೆ ಚೀಲಗಳಲ್ಲಿಯೇ ಇರುವದು. ದೋಣಿಯು ಸೋರುವದೂ ಅದೇ ಮಳೆಗಳಿಗೆ. ಸೋಯಾಬೀನಿನ ಬೀಜದ ಸಿಪ್ಪೆಯು ತೆಳುವಾದದ್ದು. ಅದರ ತೇವವು ಶೇಕಡಾ 12ನ್ನು ಮೀರಿದರೆ ಮೊಳೆಯುವ ಶಕ್ತಿಯು ಬೇಗನೆ ಕುಗ್ಗುವದು. ಒದ್ದೆ ಗೋಡೆಗೆ ತಾಗಿಸಿಟ್ಟ ಚೀಲವು ಮುಂದಿನಿಂದ ಒಣಗಿದಂತೆ ಕಂಡರೂ ಹಿಂದಿನ ಮಗ್ಗಲಿನ ಕಾಳುಗಳು ಬೂಷ್ಟು ಹಿಡಿದಿರುವವು. ಬಿತ್ತಿದ ಎಂಟು ದಿವಸಗಳ ಮೇಲೆ ತೇಪೆ ತೇಪೆಯಾಗಿ ಹುಟ್ಟಿದ ಬೆಳೆಯನ್ನು ಕಂಡು ಬೀಜ ಮಾರಿದವನನ್ನು ಬಯ್ಯುವವರಲ್ಲಿ ಕೆಲವರಾದರೂ ಮೊದಲು ತಮ್ಮ ಮನೆಯ ಸೂರನ್ನು ನೋಡುವದು ಲೇಸು. ಹದ ಮಾಡಿ ಇಟ್ಟ ತಂಬಾಕಿನ ಎಲೆಗೂ ಇದೇ ಗತಿ.

ಈ ಸೀಮೆಯಲ್ಲಿ ಮಣ್ಣಿನ ಮಾಳಿಗೆ, ಕುಂಬಾರನು ಸುಟ್ಟ ನಾಡಹಂಚು, ಮಂಗಳೂರ ಹಂಚು ಎಂಬ ಮೂರು ಬಗೆಯ ಹಳೆಯ ಚಾವಣಿಗಳು ಇಂದಿಗೂ ಕಾಣಬರುವವು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರಖಾನೆಯನ್ನು ತೆರೆದ ತರುವಾಯ ಆ ಚಪ್ಪಟೆ ಹಂಚು ದೂರದೂರದ ಊರುಗಳಿಗೆ ಹಬ್ಬಿತು. ಹಂಚಿನ ಮನೆಗಳಲ್ಲಿ ಅಂಗಳದ ಕಡೆಗಿನ ದೋಣಿಗಿಂತ ಎರಡು ಚಾವಣಿಗಳು ಕೂಡುವ ತಗ್ಗಿನ ದೋಣಿಯೇ ಹೆಚ್ಚು ಅಪಾಯದ್ದು. ಸೂರಂಚಿನ ದೋಣಿಯು ತುಂಬಿದರೆ ನೀರು ಹೊರಗೆ ಚೆಲ್ಲುವದು. ನಡುವಿನ ದೋಣಿಯು ತುಂಬಿದರೆ ಒಳಗೇ ಇಳಿದು ತೊಲೆ ಹಾಗೂ ಪಕಾಸಿಗಳನ್ನು ಕೊಳೆಯಿಸುವದು. ಅದು ಎರಡು ಮನೆಗಳ ನಡುವೆ ಇದ್ದರಂತೂ ಅಣ್ಣನು ಹಸನು ಮಾಡಲೆಂದು ತಮ್ಮನೂ, ತಮ್ಮನು ಮಾಡಲೆಂದು ಅಣ್ಣನೂ ಕಾಯುತ್ತಿರುವಾಗ ಮಳೆಯು ಬಂದೇ ಬಿಡುವದು. ಇಂಥ ದೋಣಿಯ ಕೆಲಸಕ್ಕೆ ಇಬ್ಬರೂ ಕೂಡಿಯೇ ಒಂದು ದಿವಸವನ್ನು ಗೊತ್ತುಮಾಡಿಕೊಳ್ಳತಕ್ಕದ್ದು.

ದೋಣಿಯಲ್ಲಿ ತುಂಬುವದೇನೆಂಬದನ್ನು ತಿಳಿದರೆ ಹಸನು ಮಾಡುವ ಕಾಲವೂ ತಿಳಿಯುವದು. ಶಿವರಾತ್ರಿಯ ಸುಮಾರಿಗೆ ಬೇವಿನ ಎಲೆಗಳು ಉದುರುವವು. ಯುಗಾದಿಯ ಮುಂದೆ ಅದರ ಹೂವು ಉದುರುವದು. ಕಬ್ಬು ಕಡಿದ ಹೊಲಗಳಲ್ಲಿ ರವದಿಗೆ ಬೆಂಕಿ ಇಟ್ಟಾಗ ಹಾರುವ ಕರಿಯು ಊರಿನ ಮೇಲೆಲ್ಲ ಬೀಳುವದು. ರವದಿಯನ್ನು ಸುಡದೆ ನೆಲಕ್ಕೆ ಹೊದಿಸಿ ಕೊಳೆಯಿಸುವದು ಭೂಮಿಗೂ ಒಳ್ಳೆಯದೇ. ಅದು ಬೇರೆ ಮಾತು. ಇವುಗಳ ಸಂಗಡ ಬೇಸಿಗೆಯ ಗಾಳಿಯ ಧೂಳು, ಗುಬ್ಬಿಯ ಗೂಡಿನ ಹುಲ್ಲು, ಒಡೆದ ಹಂಚಿನ ಚೂರು ಸೇರುವವು. ಒಣಗಿದಾಗ ಇದೆಲ್ಲ ಕೈಯಿಂದ ಎತ್ತುವಷ್ಟು ಹಗುರ. ಒಂದು ಅಡ್ಡಮಳೆ ಬಿದ್ದು ಮತ್ತೆ ಬಿಸಿಲು ಬಿದ್ದಿತೆಂದರೆ ಇಟ್ಟಿಗೆಯಂತೆ ಗಟ್ಟಿಯಾಗುವದು. ಆದುದರಿಂದ ಬೇವಿನ ಹೂವು ಉದುರಿ ಮುಗಿದೊಡನೆ ಒಮ್ಮೆ, ರೋಹಿಣಿ ಮಳೆಯ ಮುಂಚೆ ಮತ್ತೊಮ್ಮೆ ಹಸನು ಮಾಡುವದು ಸರಿಯಾದ ಕ್ರಮ.

12 ಅಡಿ ಎತ್ತರಕ್ಕೆ ನಿಚ್ಚಣಿಕೆಯನ್ನು ಹಚ್ಚುವಾಗ ಅದರ ಬುಡವು ಗೋಡೆಯಿಂದ 3 ಅಡಿ ದೂರವಿರಬೇಕು. ಕೆಳಗೆ ಒಬ್ಬರು ಹಿಡಿದಿರಬೇಕು. ಮನೆಗೆ ಬಂದ ವಿದ್ಯುತ್ತಿನ ತಂತಿಯ ಹತ್ತಿರ ನಿಚ್ಚಣಿಕೆಯನ್ನು ಒಯ್ಯಲಾಗದು. ಹಂಚಿನ ಮೇಲೆ ಕಾಲಿಡುವದು ಅನಿವಾರ್ಯವಾದರೆ ಅಗಲವಾದ ಹಲಿಗೆಯನ್ನು ಹಾಸಿ ಅದರ ಮೇಲೆಯೇ ನಡೆಯತಕ್ಕದ್ದು. ಹೂಳನ್ನು ತೆಗೆಯಲು ಕಬ್ಬಿಣದ ಖುರ್ಪಿಯನ್ನು ಬಳಸುವ ರೂಢಿಯು ಕೆಟ್ಟದ್ದು. ತಗಡಿನ ಮೇಲಿನ ಸತುವಿನ ಲೇಪವು ಗೀಚಿಹೋಗಿ ಅಲ್ಲಿಂದಲೇ ತುಕ್ಕು ಮೊದಲಾಗುವದು. ತೆಂಗಿನ ಕರಟದ ತುಂಡು ಇಲ್ಲವೆ ಕಟ್ಟಿಗೆಯ ಚಪ್ಪಟೆ ತುಂಡು ಸಾಕು. ಕೊಳವೆಯ ಬಾಯಿಗೆ ಮೊದಲು ಹಳೆಯ ಬಟ್ಟೆಯನ್ನು ತುರುಕಿ, ಹೂಳನ್ನು ಬುಟ್ಟಿಯಲ್ಲಿ ಇಳಿಸಿ ತಿಪ್ಪೆಗೆ ಹಾಕಬೇಕು. ನೀರು ಸುರಿದು ಎಲ್ಲವನ್ನೂ ಕೊಳವೆಯೊಳಗೆ ನೂಕುವವನು ದೋಣಿಯ ರೋಗವನ್ನು ಕೊಳವೆಗೆ ಅಂಟಿಸಿದಂತೆಯೇ.

ಹಸನಾದ ದೋಣಿಗೆ ಎತ್ತರದ ತುದಿಯಿಂದ ಎರಡು ಕೊಡ ನೀರು ಹಾಕಿ ನೋಡತಕ್ಕದ್ದು. 10 ಅಡಿ ಉದ್ದಕ್ಕೆ ಒಂದು ಅಂಗುಲದಷ್ಟು ಇಳಿಜಾರು ಇದ್ದರೆ ನೀರು ನಿಲ್ಲದೆ ಹೋಗುವದು. ನಿಂತ ಸ್ಥಳಕ್ಕೆ ಸುಣ್ಣದ ಗುರುತು ಮಾಡಿ, ಅಲ್ಲಿಯ ಕೊಂಡಿಯನ್ನು ಎತ್ತಿ ಕಟ್ಟಬೇಕು. ಎರಡು ತಗಡುಗಳ ಬೆಸುಗೆಯಲ್ಲಿ ಮೇಲಿನ ತಗಡು ಕೆಳಗಿನದರ ಒಳಗೆ ಕೂಡ್ರುವಂತೆ ಇರಬೇಕು. ತಿರುವುಮುರುವಾಗಿದ್ದರೆ ಎಷ್ಟು ಡಾಂಬರು ಬಳಿದರೂ ಸೋರುವದು ತಪ್ಪದು. ಕೊಳವೆಯ ಬಾಯಿಗೆ ಚಪ್ಪಟೆಯ ಜಾಳಿಗೆಗಿಂತ ಬುಟ್ಟಿಯಂತೆ ಉಬ್ಬಿದ ಜಾಳಿಗೆಯೇ ಮೇಲು, ಏಕೆಂದರೆ ಒಂದೆರಡು ಎಲೆಗಳು ಅಂಟಿದರೂ ಮಗ್ಗಲಿನಿಂದ ನೀರಿಗೆ ದಾರಿಯಿರುವದು.

ದೋಣಿಯು ನೆಟ್ಟಗಿದ್ದ ಮಾತ್ರಕ್ಕೆ ಕೆಲಸವು ತೀರಲಿಲ್ಲ. ಕೊಳವೆಯ ನೀರು ಬೀಳುವದೆಲ್ಲಿ ಎಂಬದನ್ನು ಬಹು ಜನರು ವಿಚಾರಿಸುವದೇ ಇಲ್ಲ. ಎರೆಮಣ್ಣು ನೀರು ಕುಡಿದಾಗ ಉಬ್ಬುವದು, ಒಣಗಿದಾಗ ಕುಗ್ಗಿ ಬಿರಿಯುವದು. ಹೊಲದಲ್ಲಿ ಕಾಲು ತೂರುವಷ್ಟು ಅಗಲವಾದ ಬಿರುಕುಗಳನ್ನು ಕಾಣದ ಒಕ್ಕಲಿಗನಿಲ್ಲ. ಅದೇ ಮಣ್ಣಿನ ಮೇಲೆ ಅವನ ಮನೆಯೂ ನಿಂತಿರುವದು. ಚಾವಣಿಯ ನೀರೆಲ್ಲ ಒಂದೇ ಮೂಲೆಗೆ ಬಿದ್ದರೆ ಆ ಮೂಲೆಯ ನೆಲವು ಮಾತ್ರ ಉಬ್ಬುವದು. ಉಳಿದ ಮೂಲೆಗಳು ಇದ್ದಲ್ಲಿಯೇ ಇರುವವು. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಡುವ ಬಿರುಕು ಬಹಳ ಸಲ ಇದರಿಂದಲೇ ಹುಟ್ಟುವದು. ಗೋಡೆಯು ಮಣ್ಣಿನದಾದರೆ ಬುಡವೇ ಕರಗುವದು. ಇದಲ್ಲದೆ ಅತಿಯಾಗಿ ನೀರುಣಿಸಿ ಸವಳಾದ ನೆಲದ ಉಪ್ಪು ತೇವದ ಸಂಗಡ ಗೋಡೆಯನ್ನೇರಿ, ಮೊಣಕಾಲೆತ್ತರದಲ್ಲಿ ಹರಳುಗಟ್ಟಿ, ಗಿಲಾವನ್ನು ಪುಡಿಯಾಗಿ ಉದುರಿಸುವದು. ಅದರ ಮೇಲೆ ಸಿಮೆಂಟು ಮೆತ್ತಿದರೆ ತೇವವು ಹಿಂದಿನಿಂದ ಇನ್ನೂ ಮೇಲಕ್ಕೆ ಏರುವದು.

2019ರ ಅಗಸ್ಟ್ ತಿಂಗಳಲ್ಲಿಯೂ 2021ರ ಜುಲೈ ತಿಂಗಳಲ್ಲಿಯೂ ಕೃಷ್ಣೆಯೂ ಅದರ ಉಪನದಿಗಳೂ ಉಕ್ಕಿ ಚಿಕ್ಕೋಡಿ ಸೀಮೆಯಲ್ಲಿ ಅನೇಕ ಮನೆಗಳು ಬಿದ್ದವು. ಮಹಾಪೂರವನ್ನು ದೋಣಿಯು ತಡೆಯಲಾರದು. ಆದರೆ ಬುಡವು ಮೊದಲೇ ಮೆತ್ತಗಾದ ಗೋಡೆಯು ಪೂರದ ನೀರಿನಲ್ಲಿ ಎಷ್ಟು ಹೊತ್ತು ನಿಂತೀತು? ಕೊಳವೆಯ ಕೆಳಗೆ ಒಂದು ಹಾಸುಗಲ್ಲು ಇಟ್ಟು, ಅಲ್ಲಿಂದ ಕಲ್ಲು ಹಾಸಿದ ಚಿಕ್ಕ ಕಾಲುವೆಯಲ್ಲಿ ನೀರನ್ನು ಗೋಡೆಯಿಂದ ಐದಾರು ಅಡಿಯಾದರೂ ದೂರ ಒಯ್ಯಬೇಕು. ನೆರೆಯವರ ಗೋಡೆಗೆ ಬಿಡುವದು ಉಪಾಯವಲ್ಲ.

ಮಾಳಿಗೆಯ ಮನೆಗಳ ಸಂಗತಿಯು ತುಸು ಬೇರೆ. ಹೊಲದಲ್ಲಿ ಶಾಪವೆನಿಸಿದ ಸವಳು ಮಣ್ಣು ಮಾಳಿಗೆಯ ಮೇಲೆ ವರವಾಗುವದು. ಅದರಲ್ಲಿಯ ಸೋಡಿಯಮ್ಮಿನಿಂದ ಜೇಡಿಯ ಕಣಗಳು ಬಿಡಿಬಿಡಿಯಾಗಿ ಮಣ್ಣಿನ ಸಂದುಗಳನ್ನು ಮುಚ್ಚುವದರಿಂದ ನೀರು ಒಳಗಿಳಿಯುವದಿಲ್ಲ. ಹಿರಿಯರು ಕಾರಣವನ್ನರಿಯದೆಯೇ ಗುಣವನ್ನು ಅರಿತಿದ್ದರು. ಆದರೆ ಇದೇ ಮಣ್ಣು ತೊಳೆದು ಬಂದು ಹರನಾಳಿಗೆಯ ಬಾಯಲ್ಲಿ ಕೂಡ್ರುವದು, ಅದರ ಮೇಲೆ ಹುಲ್ಲು ಬೆಳೆಯುವದು. ಹುಲ್ಲನ್ನು ಬೇರುಸಹಿತ ತೆಗೆದು, ಹರನಾಳಿಗೆಯು ಗೋಡೆಯಿಂದ ಒಂದೂವರೆ ಅಡಿಯಾದರೂ ಮುಂದೆ ಚಾಚಿರುವಂತೆ ನೋಡಿಕೊಳ್ಳಬೇಕು.

ಮಳೆಗಾಲದಲ್ಲಿ ವಾರಕ್ಕೊಮ್ಮೆ ಕೆಳಗಿನಿಂದಲೇ ಒಂದು ನೋಟವನ್ನು ಹಾಯಿಸಿದರೆ ಸಾಕು. ವಾರವೆಂದು ಹೇಳಲು ಕಾರಣವುಂಟು: ಡೆಂಗಿ ಜ್ವರವನ್ನು ಹರಡುವ ಏಡಿಸ್ ಸೊಳ್ಳೆಯು ನಿಂತ ನೀರಿನಲ್ಲಿ ಮೊಟ್ಟೆಯಿಂದ ರೆಕ್ಕೆಯವರೆಗೆ ಬೆಳೆಯಲು ಸುಮಾರು 7ರಿಂದ 10 ದಿವಸಗಳು ಹಿಡಿಯುವವು. ಆಷಾಢದಲ್ಲಿ ಬೇವಿನ ಹಣ್ಣುಗಳು ಉದುರುವಾಗ ಕೊಳವೆಯ ಬಾಯಿಯನ್ನು ವಿಶೇಷವಾಗಿ ನೋಡತಕ್ಕದ್ದು. ಸ್ವಾತಿ ಮಳೆಯು ಮುಗಿದು ದೋಣಿಯು ಚೆನ್ನಾಗಿ ಒಣಗಿದ ಮೇಲೆ ತುಕ್ಕನ್ನು ಉಜ್ಜಿ ತೆಗೆದು, ತೂತುಗಳಿಗೆ ತೇಪೆ ಹಾಕಿಸಿ, ಒಳಮೈಗೆ ಡಾಂಬರಿನ ತೆಳುವಾದ ಲೇಪವನ್ನು ಕೊಡಬೇಕು. ಕಬ್ಬಿನ ಕಡಿತವು ಭರಕ್ಕೆ ಬಂದ ಮೇಲೆ ಕೈಗೆ ಆಳು ಸಿಗುವದಿಲ್ಲವಾದ ಕಾರಣ ಈ ಕೆಲಸವನ್ನು ದೀಪಾವಳಿಯ ಆಸುಪಾಸಿಗೇ ಮುಗಿಸಿಕೊಳ್ಳುವದು ಅನುಕೂಲ.