ಎರಡು ಛಾಯಾಚಿತ್ರಗಳು

1908ನೆಯ ಇಸವಿ ಸೆಪ್ಟೆಂಬರ್ 17ರ ಸಂಜೆ ಅಮೆರಿಕದ ವರ್ಜೀನಿಯಾ ರಾಜ್ಯದ ಫೋರ್ಟ್ ಮೈಯರ್ ಸೈನಿಕ ಮೈದಾನದಲ್ಲಿ ತೆಗೆದ ಎರಡು ಛಾಯಾಚಿತ್ರಗಳು ಇಂದಿಗೂ ಉಳಿದಿವೆ.

ಮೊದಲನೆಯದರಲ್ಲಿ ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿದ ವಿಮಾನವೊಂದಿದೆ. ಅದರ ಮೇಲೆ ಇಬ್ಬರು ಅಕ್ಕಪಕ್ಕದಲ್ಲಿ ಕುಳಿತಿದ್ದಾರೆ. ಒಬ್ಬನು ಅದನ್ನು ನಿರ್ಮಿಸಿದ ಸೋದರರಲ್ಲಿ ಕಿರಿಯನಾದ ಆರ್ವಿಲ್ ರೈಟ್. ಇನ್ನೊಬ್ಬನು ಅದನ್ನು ಪರೀಕ್ಷಿಸಲು ಬಂದ ಸೇನಾಧಿಕಾರಿ, ಇಪ್ಪತ್ತಾರು ವರ್ಷದ ಲೆಫ್ಟಿನೆಂಟ್ ಥಾಮಸ್ ಸೆಲ್ಫ್‌ರಿಜ್. ಮುಂದೆ ಗಾಜಿನ ಮರೆಯಿಲ್ಲ, ಸುತ್ತ ಗೋಡೆಯಿಲ್ಲ.

ಎರಡನೆಯ ಚಿತ್ರ ಸ್ವಲ್ಪ ಹೊತ್ತಿನ ಅನಂತರದ್ದು. ಹಾರುತ್ತಿದ್ದಾಗ ಪ್ರೊಪೆಲ್ಲರಿನ ಅಲಗೊಂದು ಸೀಳಿ, ಚುಕ್ಕಾಣಿಯನ್ನು ಬಿಗಿದಿದ್ದ ತಂತಿಗೆ ತಗುಲಿತು. ಹತೋಟಿ ತಪ್ಪಿದ ವಿಮಾನವು ನೆಲಕ್ಕೆ ಅಪ್ಪಳಿಸಿತು. ಚಿತ್ರದಲ್ಲಿ ಕಾಣುವುದು ಮುರಿದ ಮರ, ಹರಿದ ಬಟ್ಟೆ, ಗಾಯಾಳುಗಳ ನೆರವಿಗೆ ಧಾವಿಸಿದ ಜನ. ಆರ್ವಿಲ್‌ನ ತೊಡೆಯೆಲುಬು ಮುರಿಯಿತು. ಸೆಲ್ಫ್‌ರಿಜ್ ಅಂದೇ ರಾತ್ರಿ ತೀರಿಕೊಂಡನು. ಯಂತ್ರಚಾಲಿತ ವಿಮಾನದ ಅಪಘಾತದಲ್ಲಿ ಮಡಿದವರಲ್ಲಿ ಅವನೇ ಮೊದಲಿಗನು.

ರೈಟ್ ಸೋದರರು ಎದೆಗುಂದಲಿಲ್ಲ. ದೋಷದ ಕಾರಣವನ್ನು ಹುಡುಕಿದರು. ಹೊಸ ವಿಮಾನವನ್ನು ಕಟ್ಟಿ, ಮರುವರ್ಷ ಅದೇ ಮೈದಾನಕ್ಕೆ ಬಂದರು. ಜುಲೈ 27ರಂದು ಆರ್ವಿಲ್ ಮತ್ತೊಬ್ಬ ಸೇನಾಧಿಕಾರಿಯೊಡನೆ ಒಂದು ಗಂಟೆಗೂ ಮೀರಿ ಹಾರಿದನು. ಸೆಲ್ಫ್‌ರಿಜ್‌ನಿಗೆ ಒದಗಿದ ಗತಿಯನ್ನು ಅರಿತೂ ಅಳುಕದೆ ಆರ್ವಿಲ್‌ನ ಪಕ್ಕದಲ್ಲಿ ಕುಳಿತ ಆ ಅಧಿಕಾರಿ ಲೆಫ್ಟಿನೆಂಟ್ ಫ್ರಾಂಕ್ ಲಾಮ್. 1909ರ ಆಗಸ್ಟ್ 2ರಂದು ಸೈನ್ಯವು ಆ ವಿಮಾನವನ್ನು ಕೊಂಡಿತು. ಜಗತ್ತಿನ ಮೊದಲ ಸೈನಿಕ ವಿಮಾನವೆಂದು ಹೆಸರಾದ ಅದು ಇಂದು ಅಮೆರಿಕದ ರಾಷ್ಟ್ರೀಯ ವಿಮಾನ ಮತ್ತು ಬಾಹ್ಯಾಕಾಶ ಸಂಗ್ರಹಾಲಯದ ಸ್ವತ್ತು.

ಗೆಲುವಿನ ಚಿತ್ರಗಳನ್ನು ನೋಡಿ ಎಲ್ಲರೂ ಹಿಗ್ಗುತ್ತಾರೆ. ಆ ಗೆಲುವಿಗೆ ತೆತ್ತ ಬೆಲೆ ಎಷ್ಟೆಂಬುದನ್ನು ಈ ಎರಡು ಚಿತ್ರಗಳು ಹೇಳುತ್ತವೆ.