ಬೆಂಕಿಯಿಂದ ಹುಟ್ಟಿದ ದ್ವೀಪದಲ್ಲಿ ಒಂದು ದಿನ

ದ್ವೀಪ ಅಂದರೆ ಗೊತ್ತಲ್ಲ? ನಾಲ್ಕೂ ಕಡೆ ನೀರು, ನಡುವೆ ನೆಲ. ಹಿಂದೂ ಮಹಾಸಾಗರದಲ್ಲಿ ಅಂಥ ಒಂದು ದ್ವೀಪ ಇದೆ. ಅದರ ಹೆಸರು ಮಾರಿಷಸ್. ನಮ್ಮ ದೇಶದಿಂದ ನೈರುತ್ಯ ದಿಕ್ಕಿಗೆ, ಬಹಳ ದೂರ. ಆಫ್ರಿಕಾದ ದಡದಿಂದಲೂ ಅದು ಸುಮಾರು 2,000 ಕಿಲೋಮೀಟರ್ ದೂರ. ಅದರ ಉದ್ದ 65 ಕಿಲೋಮೀಟರ್, ಅಗಲ 45 ಕಿಲೋಮೀಟರ್. ನಮ್ಮ ಬೆಂಗಳೂರು ನಗರ ಜಿಲ್ಲೆಗಿಂತ ಸ್ವಲ್ಪ ಚಿಕ್ಕದು. ಈ ದ್ವೀಪ ಮತ್ತು ಬೇರೆ ಕೆಲವು ಸಣ್ಣ ದ್ವೀಪಗಳು ಸೇರಿ ಒಂದು ದೇಶ. 1968ರಲ್ಲಿ ಅದು ಸ್ವತಂತ್ರವಾಯಿತು. ಅಲ್ಲಿ 12 ಲಕ್ಷಕ್ಕೂ ಹೆಚ್ಚು ಜನ ಇದ್ದಾರೆ.

ಅಲ್ಲಿಗೆ ಹೋದ ಪ್ರವಾಸಿಗರು ಹೆಚ್ಚಾಗಿ ಸಮುದ್ರದ ದಡದಲ್ಲೇ ಉಳಿಯುತ್ತಾರೆ. ಮರಳು, ಅಲೆ, ಹೋಟೆಲು. ಚಿತ್ರಗಳಲ್ಲಿ ಕಾಣುವುದೂ ಅದೇ. ನಾವು ದಡದಲ್ಲಿ ನಿಲ್ಲುವುದು ಬೇಡ. ಈ ಪಾಠದಲ್ಲಿ ಒಂದು ವ್ಯಾನು ಹತ್ತಿ ದ್ವೀಪದ ಒಳಗೆ ಹೋಗೋಣ. ಬೆಳಗ್ಗೆ ಹೊರಟರೆ ಸಂಜೆಗೆ ವಾಪಸು ಬರಬಹುದು. ದುಡ್ಡು ಬೇಡ, ಟಿಕೆಟ್ ಬೇಡ. ಓದಲು ಬಂದರೆ ಸಾಕು. ಬನ್ನಿ.

ಕಬ್ಬಿನ ಹೊಲದ ಕಲ್ಲು

ನಾವು ಹೊರಡುವುದು ಪೋರ್ಟ್ ಲೂಯಿಸ್ ಪಟ್ಟಣದಿಂದ. ಇದು ರಾಜಧಾನಿ, ದೊಡ್ಡ ಬಂದರು. ಬಂದರಿನ ಹತ್ತಿರ ಹಳೇ ಕಲ್ಲು ಕಟ್ಟಡಗಳು ಇವೆ. ಕಲ್ಲಿನ ಮೆಟ್ಟಿಲು ಇವೆ. ಈ ಜಾಗದ ಹೆಸರು ಆಪ್ರವಾಸಿ ಘಾಟ್. ಹಡಗಿನಲ್ಲಿ ಬಂದ ನಮ್ಮ ದೇಶದ ಕೂಲಿಕಾರರು ಈ ಮೆಟ್ಟಿಲು ಹತ್ತಿ ಒಳಗೆ ಹೋದರು.

ಅವರು ಬರಲು ಶುರುವಾದದ್ದು 1834ರಲ್ಲಿ. ಅದಕ್ಕೂ ಮೊದಲು ಅಲ್ಲಿ ಕಬ್ಬಿನ ಕೆಲಸ ಮಾಡುತ್ತಿದ್ದವರು ಗುಲಾಮರು. ಅವರನ್ನು ಆಫ್ರಿಕಾ, ಮಡಗಾಸ್ಕರ್ ಕಡೆಯಿಂದ ಹಿಡಿದು ತಂದಿದ್ದರು. 1835ರಲ್ಲಿ ಗುಲಾಮಗಿರಿ ನಿಂತಿತು. ತೋಟದ ಮಾಲೀಕರಿಗೆ ಅಗ್ಗದ ಕೈಗಳು ಬೇಕಾದವು. ಆಗ ಕರಾರಿನ ಮೇಲೆ ನಮ್ಮವರನ್ನು ಕರೆಸಿದರು. ಬಿಹಾರದ ಕಡೆಯವರು ಹೆಚ್ಚು. ತಮಿಳರು, ತೆಲುಗರು, ಮರಾಠರೂ ಇದ್ದರು. ಕರಾರು ಪತ್ರದಲ್ಲಿ ಏನು ಬರೆದಿದೆ ಎಂದು ಓದಲು ಬಾರದವರೇ ಅವರಲ್ಲಿ ಹೆಚ್ಚು. ಇಂದು ಆ ದೇಶದ ಮೂರು ಪಾಲು ಜನರಲ್ಲಿ ಎರಡು ಪಾಲು ಜನ ಅವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು.

ವ್ಯಾನು ಪಟ್ಟಣ ದಾಟಿತು. ಎರಡೂ ಕಡೆ ಕಬ್ಬು. ಕಬ್ಬಿನ ನಡುವೆ ಅಲ್ಲಲ್ಲಿ ಕಪ್ಪು ಕಲ್ಲಿನ ರಾಶಿ ಕಾಣುತ್ತವೆ. ನಮ್ಮ ಹೊಲದಲ್ಲಿ ಬಣವೆ ಒಟ್ಟಿದ ಹಾಗೆ ಕಲ್ಲು ಒಟ್ಟಿದ್ದಾರೆ. ಕೆಲವು ಮನೆಯಷ್ಟು ಎತ್ತರ. ಆ ಕಾಲದಲ್ಲಿ ಯಂತ್ರ ಇರಲಿಲ್ಲ. ಗುಲಾಮರು, ಆಮೇಲೆ ಕೂಲಿಕಾರರು ಒಂದೊಂದೇ ಕಲ್ಲು ಕಿತ್ತು, ಹೊತ್ತು, ಹೊಲ ಹಸನು ಮಾಡಿದರು. ಚರಿತ್ರೆ ಪುಸ್ತಕಕ್ಕಿಂತ ಈ ರಾಶಿಗಳೇ ಹೆಚ್ಚು ಹೇಳುತ್ತವೆ ಅಂತ ನಮಗೆ ಅನ್ನಿಸುತ್ತೆ.

ಇಷ್ಟು ಕಲ್ಲು ಎಲ್ಲಿಂದ ಬಂತು?

ಒಲೆ ಒಂದೇ, ಹಂಚು ಬೇರೆ

ನೆಲದ ಆಳದಲ್ಲಿ ಬಿಸಿ ಬಹಳ. ಕಲ್ಲೂ ಕರಗುತ್ತೆ. ಆಲೆಮನೆ ಕೊಪ್ಪರಿಗೆಯಲ್ಲಿ ಬೆಲ್ಲದ ಪಾಕ ನೋಡಿದ್ದೀರಲ್ಲ, ಹಾಗೆ ಆಗುತ್ತೆ. ನೆಲ ಬಿರುಕು ಬಿಟ್ಟ ಕಡೆ ಅದು ಮೇಲಕ್ಕೆ ಉಕ್ಕುತ್ತೆ. ಇದನ್ನು ಲಾವಾ ಅಂತಾರೆ. ಲಾವಾ ಉಕ್ಕುವ ಬೆಟ್ಟಕ್ಕೆ ಜ್ವಾಲಾಮುಖಿ ಎಂದು ಹೆಸರು. ಲಾವಾ ಆರಿದರೆ ಕಪ್ಪು ಕಲ್ಲು.

ಮಾರಿಷಸ್ ಹುಟ್ಟಿದ್ದು ಹೀಗೇ. ಸಮುದ್ರದ ತಳದಲ್ಲಿ ಲಾವಾ ಉಕ್ಕಿತು. ಆರಿತು. ಅದರ ಮೇಲೆ ಮತ್ತೆ ಉಕ್ಕಿತು. ಪದರದ ಮೇಲೆ ಪದರ ಬೆಳೆದು ಕೊನೆಗೆ ನೀರಿನ ಮೇಲೆ ತಲೆ ಎತ್ತಿತು. ಇದಾಗಿ ಸುಮಾರು 80 ಲಕ್ಷ ವರ್ಷ ಆಯಿತು.

ದ್ವೀಪದ ನಡುವೆ ಕ್ಯೂರ್‌ಪೀಪ್ ಎಂಬ ಊರು ಇದೆ. ಎತ್ತರದ ಜಾಗ. ಮೋಡ, ಮಳೆ ಜಾಸ್ತಿ. ದಡದಲ್ಲಿ ಸೆಕೆ ಇದ್ದರೆ ಇಲ್ಲಿ ಸ್ವೆಟರ್ ಬೇಕು. ಊರಿನ ಪಕ್ಕದಲ್ಲೇ ಒಂದು ಜ್ವಾಲಾಮುಖಿಯ ಬಾಯಿ ಇದೆ. ದೊಡ್ಡ ಬೋಗುಣಿಯ ಆಕಾರ. ಅಗಲ 300 ಮೀಟರಿಗೂ ಹೆಚ್ಚು, ಆಳ ಸುಮಾರು 80 ಮೀಟರ್. ಹೆದರಬೇಡಿ, ಈಗ ಒಳಗೆ ಬೆಂಕಿ ಇಲ್ಲ. ಸುತ್ತ ಮರ ಬೆಳೆದಿವೆ. ತಳದಲ್ಲಿ ಸ್ವಲ್ಪ ನೀರು ನಿಂತಿದೆ. ಬೆಳಗ್ಗೆ ಜನ ಅದರ ಅಂಚಿನ ರಸ್ತೆಯಲ್ಲಿ ವಾಕಿಂಗ್ ಮಾಡುತ್ತಾರೆ. ಇದರ ಫ್ರೆಂಚ್ ಹೆಸರು ಟ್ರೂ ಓ ಸರ್ಫ್. ಅಂದರೆ ಜಿಂಕೆಗಳ ಗುಂಡಿ. ಈ ಜಿಂಕೆ ನಮ್ಮ ಕಡವೆಯ ಸಂಬಂಧಿ. 1639ರಲ್ಲಿ ಡಚ್ಚರು ಜಾವಾ ದ್ವೀಪದಿಂದ ಹಡಗಿನಲ್ಲಿ ತಂದು ಬಿಟ್ಟದ್ದು. ಈ ಮಾತು ನೆನಪಿಡಿ. ಮುಂದೆ ಬೇಕಾಗುತ್ತೆ.

ಮಾರಿಷಸ್ಸಿನ ಬೆಂಕಿ ಆರಿದೆ. ಪಕ್ಕದ ರಿಯೂನಿಯನ್ ದ್ವೀಪದಲ್ಲಿ ಮಾತ್ರ ಇಂದಿಗೂ ಆಗಾಗ ಲಾವಾ ಉಕ್ಕುತ್ತೆ. ವಿಜ್ಞಾನಿಗಳು ಇದಕ್ಕೆ ಕಾರಣ ಹೇಳುತ್ತಾರೆ. ಕೆಳಗಿನ ಬಿಸಿ ಜಾಗ ಒಂದೇ. ಮೇಲಿನ ನೆಲ ಅದರ ಮೇಲೆ ಬಹಳ ನಿಧಾನವಾಗಿ ಸರಿಯುತ್ತೆ. ಒಲೆ ಇದ್ದಲ್ಲೇ ಇದೆ, ಹಂಚು ಸರಿಯುತ್ತಿದೆ ಅಂತ ಇಟ್ಟುಕೊಳ್ಳಿ. ಈಗ ಒಲೆಯ ಮೇಲೆ ಇರುವುದು ರಿಯೂನಿಯನ್. ಅದಕ್ಕೂ ಮೊದಲು ಮಾರಿಷಸ್ ಇತ್ತು.

ಇನ್ನೂ ಬಹಳ ಹಿಂದೆ ಆ ಒಲೆಯ ಮೇಲೆ ಯಾವ ನೆಲ ಇತ್ತು ಗೊತ್ತಾ? ನಮ್ಮದೇ! ಸುಮಾರು 6 ಕೋಟಿ 60 ಲಕ್ಷ ವರ್ಷದ ಹಿಂದೆ ಇಂಡಿಯಾದ ನೆಲ ಅಲ್ಲಿತ್ತು. ಆಗ ಉಕ್ಕಿ ಹರಿದ ಲಾವಾ ಇಂದಿನ ಮಹಾರಾಷ್ಟ್ರದ ಬಹುಭಾಗವನ್ನು ಮುಚ್ಚಿತು. ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಗೂ ಬಂತು. ಆ ಕಡೆಯ ಕಪ್ಪು ಕಲ್ಲು ಅದೇ. ಆ ಕಲ್ಲು ಸವೆದು ಪುಡಿಯಾಗಿ ಎರೆ ಮಣ್ಣು ಆಯಿತು. ಗೋಳಗುಮ್ಮಟ ಕಟ್ಟಿದ್ದೂ ಅದೇ ಕಲ್ಲಿನಿಂದ. ಎರೆ ಹೊಲದಲ್ಲಿ ಜೋಳ ಬಿತ್ತುವವರು ಮತ್ತು ಮಾರಿಷಸ್ಸಿನಲ್ಲಿ ಕಬ್ಬು ಕಡಿಯುವವರು ಒಂದೇ ಒಲೆಯ ಬೂದಿಯ ಮೇಲೆ ನಿಂತವರು.

ಕೆರೆ ಮತ್ತು ಕೋತಿ

ಮುಂದೆ ಹೋದರೆ ಒಂದು ಕೆರೆ. ಅದೂ ಜ್ವಾಲಾಮುಖಿಯ ಹಳೇ ಬಾಯಿ. ಮಳೆ ನೀರು ತುಂಬಿ ಕೆರೆ ಆಗಿದೆ. ಹಳೇ ಹೆಸರು ಗ್ರಾಂ ಬಸ್ಸಾಂ. ನಮ್ಮವರು ಕರೆಯುವುದು ಗಂಗಾ ತಲಾವ್. ತಲಾವ್ ಅಂದರೆ ಕೆರೆ. 1972ರಲ್ಲಿ ಗಂಗಾ ನದಿಯ ನೀರು ತಂದು ಇದಕ್ಕೆ ಸೇರಿಸಿದರು. ದಡದಲ್ಲಿ 33 ಮೀಟರ್ ಎತ್ತರದ ಶಿವನ ಮೂರ್ತಿ ಇದೆ. ಶಿವರಾತ್ರಿಗೆ ಲಕ್ಷಗಟ್ಟಲೆ ಜನ ಬಿಳಿ ಬಟ್ಟೆ ಹಾಕಿಕೊಂಡು, ಕಾವಡಿ ಹೊತ್ತು ನಡೆದೇ ಬರುತ್ತಾರೆ.

ಇಲ್ಲಿ ಕೋತಿಗಳೂ ಇವೆ. ಪೂಜೆಯ ಬಾಳೆಹಣ್ಣು ಇಟ್ಟ ಕೂಡಲೇ ಎತ್ತಿಕೊಂಡು ಓಡುತ್ತವೆ. ಥೇಟ್ ನಮ್ಮ ಊರಿನ ಕೋತಿಗಳ ಹಾಗೇ. ಇವೂ ಇಲ್ಲಿನವಲ್ಲ, ಹಡಗಿನಲ್ಲಿ ಬಂದವು.

ಹಾಗಾದರೆ ಇಲ್ಲಿನ ಪ್ರಾಣಿ ಯಾವುದು?

ಡೋಡೋ ಹೋಯಿತು

ಸಮುದ್ರದ ನಡುವೆ ಹೊಸ ನೆಲ ಹುಟ್ಟಿತು. ಅಲ್ಲಿಗೆ ಯಾರು ಬರಲು ಸಾಧ್ಯ? ಹಾರುವವರು, ಇಲ್ಲವೇ ತೇಲುವವರು. ಹಕ್ಕಿ ಬಂದವು. ಬಾವಲಿ ಬಂದವು. ಹಲ್ಲಿ, ದೊಡ್ಡ ಆಮೆ ತೇಲಿ ಬಂದವು. ಹುಲಿ, ನಾಯಿ, ಬೆಕ್ಕು, ಇಲಿ ಬರಲಿಲ್ಲ. ಮನುಷ್ಯರೂ ಬರಲಿಲ್ಲ. ಹೀಗಾಗಿ ಅಲ್ಲಿನ ಹಕ್ಕಿಗಳಿಗೆ ವೈರಿಗಳೇ ಕಡಿಮೆ. ಒಂದು ಜಾತಿಯ ಪಾರಿವಾಳ ನೆಲದ ಮೇಲೇ ಓಡಾಡಿಕೊಂಡು ಇತ್ತು. ಲಕ್ಷಾಂತರ ವರ್ಷ ಕಳೆಯುವುದರಲ್ಲಿ ಅದರ ಮೈ ದಪ್ಪವಾಯಿತು, ರೆಕ್ಕೆ ಗಿಡ್ಡವಾಯಿತು. ಮೂರು ಅಡಿ ಎತ್ತರ, ಹತ್ತು ಕಿಲೋಗೂ ಹೆಚ್ಚು ತೂಕ. ಹಾರಲು ಬಾರದು. ಇದೇ ಡೋಡೋ.

1598ರಲ್ಲಿ ಡಚ್ಚರ ಹಡಗು ಬಂತು. 1638ರಲ್ಲಿ ಅವರು ಅಲ್ಲೇ ನೆಲೆಸಿದರು. ಡೋಡೋಗೆ ಮನುಷ್ಯರ ಭಯ ಗೊತ್ತಿರಲಿಲ್ಲ. ಕೆಲವನ್ನು ಜನ ಕೊಂದು ತಿಂದರು. ಆದರೆ ಹೆಚ್ಚು ಹಾನಿ ಮಾಡಿದವು ಹಡಗಿನಲ್ಲಿ ಬಂದ ಇಲಿ, ಹಂದಿ, ಕೋತಿ. ಅವು ನೆಲದ ಮೇಲಿನ ಮೊಟ್ಟೆಗಳನ್ನು ತಿಂದು ಮುಗಿಸಿದವು. ಡೋಡೋವನ್ನು ಕಡೆಯ ಬಾರಿ ಕಂಡದ್ದು 1662ರಲ್ಲಿ ಎನ್ನುತ್ತಾರೆ. ಆಮೆಗಳನ್ನೂ ಬಿಡಲಿಲ್ಲ. ಹಡಗಿನವರು ಜೀವಂತ ಹೇರಿಕೊಂಡು ಹೋಗಿ ದಾರಿಯಲ್ಲಿ ತಿಂದರು. ಅಲ್ಲಿನ ಎರಡು ಜಾತಿಯ ದೊಡ್ಡ ಆಮೆಗಳೂ ಅಳಿದವು.

ಕಾಡಿನ ಒಳಗೆ

ಮಧ್ಯಾಹ್ನ ಆಯಿತು. ನಾವೀಗ ಬ್ಲ್ಯಾಕ್ ರಿವರ್ ಗಾರ್ಜಸ್ ಕಾಡಿಗೆ ಬಂದೆವು. 1994ರಲ್ಲಿ ಇದನ್ನು ರಾಷ್ಟ್ರೀಯ ಉದ್ಯಾನ ಎಂದು ಸಾರಿದರು. ಆಳವಾದ ಕಣಿವೆ, ದಟ್ಟ ಹಸಿರು. ನೋಡಿದರೆ ನಮ್ಮ ಮಲೆನಾಡು ನೆನಪಾಗುತ್ತೆ.

ಹತ್ತಿರ ಹೋಗಿ ನೋಡಿದರೆ ಕತೆ ಬೇರೆ. ಎಲ್ಲಿ ನೋಡಿದರೂ ಕಡ್ಡಿಯಂಥ ಸಣ್ಣ ಮರ, ಒತ್ತೊತ್ತಾಗಿ. ಅದು ಒಂದು ಜಾತಿಯ ಸೀಬೆ. ಇದರ ತವರು ದೂರದ ಬ್ರೆಜಿಲ್ ದೇಶ. ಹಣ್ಣು ಕೆಂಪಗೆ, ಗೋಲಿಯಷ್ಟು. ಜನ ಕಾಡಿಗೆ ಹೋಗಿ ಕಿತ್ತು ತಂದು ಉಪ್ಪು ಖಾರ ಹಚ್ಚಿಕೊಂಡು ತಿನ್ನುತ್ತಾರೆ. ರುಚಿಯೇನೋ ಚೆನ್ನ. ಆದರೆ ಇದು ಬೆಳೆದ ಕಡೆ ಬೇರೆ ಸಸಿ ಏಳುವುದಿಲ್ಲ. ನಮ್ಮ ಕಾಡಿನಲ್ಲಿ ಲಂಟಾನ ಮಾಡುವ ಕೆಲಸವನ್ನೇ ಅಲ್ಲಿ ಸೀಬೆ ಮಾಡುತ್ತೆ. ದ್ವೀಪದ ಹಳೇ ಕಾಡು ಈಗ ನೂರರಲ್ಲಿ ಎರಡು ಪಾಲೂ ಉಳಿದಿಲ್ಲ.

ಈ ಬೀಜವನ್ನು ಹರಡುವವರು ಯಾರು? ಹಂದಿ, ಕೋತಿ, ಜೊತೆಗೆ ಕೆಮ್ಮೀಸೆ ಪಿಕಳಾರ. ಹೌದು, ನಮ್ಮ ಹಿತ್ತಿಲಿನ ಜುಟ್ಟಿನ ಹಕ್ಕಿಯೇ! ಇದನ್ನೂ ನಮ್ಮ ಕಡೆಯಿಂದ ಒಯ್ದರು. ಗೊರವಂಕವನ್ನು ಮಿಡತೆ ತಿನ್ನಲಿ ಎಂದು ಒಯ್ದರು. ಮುಂಗುಸಿಯನ್ನು 1900ರಲ್ಲಿ ಇಲಿ ಹಿಡಿಯಲಿ ಎಂದು ಬಿಟ್ಟರು. ಮುಂಗುಸಿ ಇಲಿಯನ್ನೂ ಹಿಡಿಯಿತು, ಹಕ್ಕಿಯನ್ನೂ ಹಿಡಿಯಿತು. ನಮ್ಮ ಗಿಳಿ ಹೋಗಿ ಅಲ್ಲಿನ ಗಿಳಿಯ ಪೊಟರೆ ಕಸಿಯಿತು. ಇದರಲ್ಲಿ ಪ್ರಾಣಿಗಳ ತಪ್ಪು ಏನೂ ಇಲ್ಲ ಬಿಡಿ.

ನಾಲ್ಕೇ ನಾಲ್ಕು ಹಕ್ಕಿ

ತಲೆ ಎತ್ತಿ ನೋಡಿ. ಬಂಡೆಯ ಮೇಲೆ ಒಂದು ಪುಟ್ಟ ಗಿಡುಗ ಕೂತಿದೆ. ಕಂದು ಬೆನ್ನು, ಬಿಳಿ ಎದೆ, ಎದೆಯ ಮೇಲೆ ಚುಕ್ಕಿ. ಇದು ಮಾರಿಷಸ್ ಚಾಣ. ಮರದ ಹಲ್ಲಿ ಇದರ ಮುಖ್ಯ ಊಟ. ಲೋಕದಲ್ಲಿ ಬೇರೆ ಎಲ್ಲೂ ಇಲ್ಲ.

ಕಾಡು ಕಡಿದರು. ಮಲೇರಿಯಾ ಸೊಳ್ಳೆ ಕೊಲ್ಲಲು ಡಿಡಿಟಿ ಹೊಡೆದರು. ಕೋತಿ, ಮುಂಗುಸಿ ಮೊಟ್ಟೆ ಮರಿ ತಿಂದವು. 1974ರಲ್ಲಿ ಎಣಿಸಿದಾಗ ಕಾಡಿನಲ್ಲಿ ಸಿಕ್ಕಿದ್ದು ನಾಲ್ಕೇ ನಾಲ್ಕು. ಅದರಲ್ಲಿ ಮರಿ ಮಾಡುವ ಹೆಣ್ಣು ಒಂದೇ. ಇನ್ನು ಇದರ ಕತೆ ಮುಗಿಯಿತು ಎಂದರು ಬಹಳ ಜನ.

1979ರಲ್ಲಿ ಕಾರ್ಲ್ ಜೋನ್ಸ್ ಎಂಬ ಯುವಕ ಬ್ರಿಟನ್ನಿನ ವೇಲ್ಸ್‌ನಿಂದ ಬಂದ. ಕೆಲಸ ಮುಚ್ಚಿಕೊಂಡು ಬಾ ಎಂದು ಅವನನ್ನು ಕಳಿಸಿದ್ದರು. ಅವನು ಮುಚ್ಚಲಿಲ್ಲ. ಅವನು ಹಿಡಿದ ಉಪಾಯ ಕೋಳಿ ಸಾಕಿದ ಹೆಂಗಸರಿಗೆಲ್ಲ ಗೊತ್ತಿರುವುದೇ. ಮೊಟ್ಟೆ ತೆಗೆದರೆ ಹಕ್ಕಿ ಮತ್ತೆ ಮೊಟ್ಟೆ ಇಡುತ್ತೆ! ಅವನು ಮತ್ತು ಅಲ್ಲಿನ ಸಂಗಡಿಗರು ಬಂಡೆ ಹತ್ತಿ ಮೊದಲ ಮೊಟ್ಟೆಗಳನ್ನು ತಂದರು. ಕಾವು ಕೊಡುವ ಪೆಟ್ಟಿಗೆಯಲ್ಲಿ ಇಟ್ಟು ಮರಿ ಮಾಡಿಸಿದರು. ಕಾಡಿನಲ್ಲಿ ತಾಯಿ ಇನ್ನೊಂದು ಸಲ ಇಟ್ಟಿತು. ಅದನ್ನು ಅದಕ್ಕೇ ಬಿಟ್ಟರು. ಮರಿಗಳಿಗೆ ಮಾಂಸ ಕೊಚ್ಚಿ ಕೈಯಿಂದ ತಿನ್ನಿಸಿದರು. ಬೆಳೆದ ಮೇಲೆ ಕಾಡಿಗೆ ಬಿಟ್ಟರು. ಗೂಡಿಗೆ ಮರದ ಪೆಟ್ಟಿಗೆ ಕಟ್ಟಿದರು. ಹೀಗೆ ವರ್ಷಗಟ್ಟಲೆ. ಈಗ ಕಾಡಿನಲ್ಲಿ ಕೆಲವು ನೂರು ಚಾಣಗಳು ಇವೆ. ಆದರೂ ಗಂಡಾಂತರ ಪೂರ್ತಿ ಹೋಗಿಲ್ಲ.

ಅಲ್ಲಿನ ಗುಲಾಬಿ ಬಣ್ಣದ ಪಾರಿವಾಳದ್ದೂ ಇದೇ ಕತೆ. 1990ರ ಹೊತ್ತಿಗೆ ಕಾಡಿನಲ್ಲಿ ಹತ್ತರ ಆಸುಪಾಸು ಉಳಿದಿದ್ದವು. ಈಗ ಅವೂ ನೂರುಗಟ್ಟಲೆ ಇವೆ. ಅವಕ್ಕೆ ಕಾಡಿನಲ್ಲೇ ಕಾಳು ಇಡುತ್ತಾರೆ. ಸುತ್ತ ಇಲಿಗೆ ಬೋನು ಇಡುತ್ತಾರೆ. ಕೆಲವು ಕಡೆ ಬೇಲಿ ಹಾಕಿ, ಒಳಗಿನ ಸೀಬೆಯನ್ನು ಕೂಲಿ ಆಳುಗಳು ಕೈಯಿಂದ ಕಿತ್ತು ಹಾಕುತ್ತಾರೆ. ಕಿತ್ತ ಜಾಗದಲ್ಲಿ ಹಳೇ ಕಾಡಿನ ಸಸಿಗಳು ಏಳುತ್ತವೆ. ಕೀಳುವುದು ಬಿಟ್ಟರೆ ಸೀಬೆ ಮತ್ತೆ ಬರುತ್ತೆ.

ಲಿಚ್ಚಿ ಹಣ್ಣಿನ ಜಗಳ

ಇಳಿಯುವ ದಾರಿಯಲ್ಲಿ ಶಾಮರೆಲ್ ಊರು. ಅಲ್ಲಿ ಬಣ್ಣದ ಮಣ್ಣಿನ ದಿಬ್ಬಗಳಿವೆ. ಕೆಂಪು, ಕಂದು, ನೇರಳೆ, ನೀಲಿ. ಲಾವಾ ಕಲ್ಲು ಮಳೆಗೆ ಕೊಳೆತು ಹೀಗಾಗಿದೆ. ಒಂದು ಹುಲ್ಲೂ ಅಲ್ಲಿ ಬೆಳೆಯದು. ಪ್ರವಾಸಿಗರು ಬೇಲಿಯ ಆಚೆ ನಿಂತು ಫೋಟೋ ತೆಗೆಯುತ್ತಾರೆ. ನಾವು ನೋಡಿ ಮುಂದೆ ಹೋಗೋಣ.

ಸಂಜೆಯಾಯಿತು. ಕಾಡಿನ ಕಡೆಯಿಂದ ದೊಡ್ಡ ಬಾವಲಿಗಳು ಹೊರಟವು. ಇವು ಈ ನೆಲದ ಹಳೇ ಒಕ್ಕಲು. ಕಾಡು ಹಣ್ಣು ತಿಂದು ಬೀಜ ಬಿತ್ತುವುದು ಇವುಗಳ ಕೆಲಸ. ಕಾಡು ಕಡಿಮೆಯಾದ ಮೇಲೆ ತೋಟಕ್ಕೂ ಬರುತ್ತವೆ. ಲಿಚ್ಚಿ, ಮಾವು ತಿನ್ನುತ್ತವೆ. ರೈತನಿಗೆ ಸಿಟ್ಟು ಬರದೆ ಇರುತ್ತಾ? ವರ್ಷಕ್ಕೆ ಒಂದೇ ಬೆಳೆ. 2015ರಲ್ಲಿ, ಆಮೇಲೂ ಕೆಲವು ಸಲ, ಸರಕಾರವೇ ಗುಂಡು ಹೊಡೆಸಿ ಸಾವಿರಾರು ಬಾವಲಿಗಳನ್ನು ಕೊಲ್ಲಿಸಿತು. 2018ರಲ್ಲಿ ಈ ಬಾವಲಿ ಅಳಿವಿನ ಭಯ ಇರುವ ಪ್ರಾಣಿಗಳ ಪಟ್ಟಿಗೆ ಸೇರಿತು. ಮರಕ್ಕೆ ಬಲೆ ಮುಚ್ಚಿದರೆ ಹಣ್ಣೂ ಉಳಿಯುತ್ತೆ, ಬಾವಲಿಯೂ ಉಳಿಯುತ್ತೆ. ಬಲೆಗೆ ಸರಕಾರ ಸಹಾಯಧನ ಕೊಡುವ ಯೋಜನೆಯೂ ಬಂತು. ನಮಗೆ ಸರಿ ಕಾಣುವುದು ಬಲೆಯ ದಾರಿ. ಆದರೆ ದೊಡ್ಡ ಮರಕ್ಕೆ ಬಲೆ ಹೊದಿಸುವುದು ಸುಲಭ ಅಲ್ಲ. ಹಿತ್ತಿಲಲ್ಲಿ ಒಂದೇ ಮರ ಇರುವ ಬಡವರ ಪಾಡು ಬೇರೆ. ಜಗಳ ಇನ್ನೂ ಮುಗಿದಿಲ್ಲ.

ಓದಿ, ಮಾತಾಡಿ

ನಿಮ್ಮ ಕಲಿಕೆಯ ಕೇಂದ್ರದಲ್ಲಿ ಇಬ್ಬರು ಎದ್ದು ನಿಲ್ಲಿ. ಒಬ್ಬರು ಲಿಚ್ಚಿ ತೋಟದ ರೈತ, ಇನ್ನೊಬ್ಬರು ಬಾವಲಿ. ಇಬ್ಬರೂ ತಮ್ಮ ಮಾತು ಹೇಳಿ. ಕೇಳುವವರು ಇಬ್ಬರ ಮಾತನ್ನೂ ಎರಡೆರಡು ಸಾಲಿನಲ್ಲಿ ಬರೆದುಕೊಳ್ಳಿ.

ನಿಮ್ಮ ಊರಿಗೆ ಹೊರಗಿನಿಂದ ಬಂದ ಗಿಡ ಯಾವುದು? ಹಿರಿಯರನ್ನು ಕೇಳಿ. ಅದು ಬರುವ ಮೊದಲು ಆ ಜಾಗದಲ್ಲಿ ಏನು ಬೆಳೆಯುತ್ತಿತ್ತು? ಅದರ ಹೆಸರು ಬರೆಯಿರಿ.